ಪೊಟರೆಗೆ ತಲೆಯೇ ಬಾಗಿಲು

"ಕೈ ತೆಗಿ," ಅಂದೆ.

ಅಗ್ರಿಪೀನೊ ತೆಗೆಯಲಿಲ್ಲ. ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿಕೊಂಡು, ಇಂಬುರಾನ ಮರದ ಪೊಟರೆಗೆ ಇನ್ನೇನು ಬೆರಳು ಇಳಿಸುವುದರಲ್ಲಿದ್ದ. ಪೆದ್ರಾ ಮಾನ್ಸಾ ಠಾಣೆಯ ಹವಾಲ್ದಾರ ಅವನು, ನನ್ನ ಗಂಡನೂ ಹೌದು. ಎರಡು ಕೆಲಸದಲ್ಲೂ ಮೊದಲು ಕೈ ಹಾಕಿ ಆಮೇಲೆ ನೋಡುವುದು ಅವನ ಅಭ್ಯಾಸ.

ಬೆಲ್ಟು ಹಿಡಿದು ಹಿಂದಕ್ಕೆ ಎಳೆದೆ. ಒಳಗೆ ಯಾರಿದ್ದಾರೆಂದು ಮೊದಲು ನೋಡು ಎಂದೆ.

ಅವನು ಬಗ್ಗಿ ನೋಡಿದ. ಯಾರೂ ಇಲ್ಲ, ಪೊಟರೆಯ ಬಾಯಿಗೆ ತೊಗಟೆ ಬೆಳೆದು ಮುಚ್ಚಿಹೋಗಿದೆ ಎಂದ. ಅಷ್ಟರಲ್ಲಿ ಆ ತೊಗಟೆ ಕಣ್ಣು ಬಿಟ್ಟಿತು.

ನಮ್ಮ ಕಡೆ ಅದನ್ನು ಹೆಲ್ಮೆಟ್ ಕಪ್ಪೆ ಅಂತಾರೆ. ಮೈಯೆಲ್ಲ ಮರಗಪ್ಪೆಯದೇ, ತಲೆ ಮಾತ್ರ ಬೇರೆ ಯಾರದನ್ನೋ ಎರವಲು ತಂದ ಹಾಗೆ ಚಪ್ಪಟೆ, ಉದ್ದ, ಮೂಳೆಗಟ್ಟಿ. ಕಾಟಿಂಗದ ಮುಳ್ಳುಕಾಡಿನಲ್ಲಿ ಹನಿ ನೀರಿಲ್ಲದ ತಿಂಗಳುಗಳನ್ನು ಅದು ಕಳೆಯುವುದೇ ಹೀಗೆ. ಹಿಂದುಹಿಂದಕ್ಕೆ ಪೊಟರೆಯೊಳಗೆ ಸರಿದು, ತಲೆಯನ್ನೇ ಬಾಗಿಲು ಮಾಡಿ ಮುಚ್ಚಿಕೊಂಡುಬಿಡುತ್ತದೆ. ಒಳಗಿನ ತೇವ ಒಳಗೇ ಉಳಿಯುತ್ತದೆ.

ಕೈ ಹಾಕಿದವರ ಗತಿ ಬೇರೆ. ಅದು ತಲೆ ಕೊಡವಿ ತಿಕ್ಕುತ್ತದೆ. ತುಟಿಯ ಸುತ್ತಲಿನ ಸಣ್ಣ ಮುಳ್ಳುಗಳು ಚುಚ್ಚಿಕೊಂಡು ಹಾಲಿನಂಥ ವಿಷ ಚರ್ಮದೊಳಗೆ ಇಳಿಯುತ್ತದೆ. ಸಾಯುವುದಿಲ್ಲ. ತೋಳನ್ನೇ ಕಿತ್ತು ಬೇಲಿಯಾಚೆ ಎಸೆಯೋಣ ಅನ್ನಿಸುತ್ತದೆ, ಅಷ್ಟೆ. ನನಗಂತೂ ಅದನ್ನು ಕಂಡರೆ ಪ್ರೀತಿ. ಯಾರ ತಂಟೆಗೂ ಹೋಗದೆ ತನ್ನ ಮನೆ ತಾನು ಕಾಯುವ ಜೀವ. ಊರಲ್ಲಿ ಎಷ್ಟು ಜನರ ಬಗ್ಗೆ ಈ ಮಾತು ಹೇಳಬಹುದು?

"ಇದರ ಹಿಂದೆ ಸಂತ ಇದಾನೆ ಅಂತೀಯಾ?" ಅಗ್ರಿಪೀನೊ ಕೈ ಒರೆಸಿಕೊಳ್ಳುತ್ತ ಕೇಳಿದ.

ನಾನು ಪೊಟರೆಯ ಅಂಚು ತೋರಿಸಿದೆ. ಬಿಳಿ ನೂಲಿನ ಒಂದು ಎಳೆ ಅಲ್ಲಿ ಸಿಕ್ಕಿಕೊಂಡು, ಕಪ್ಪೆಯ ದವಡೆಯ ಪಕ್ಕದಿಂದ ಒಳಗೆ ಹೋಗಿತ್ತು. ಕ್ರೋಶಾ ನೂಲು. ಆ ಹೆಣಿಗೆ ಹಾಕುವ ಕೈ ಈ ಊರಲ್ಲಿ ಒಂದೇ, ದೋನಾ ಝೆನೈದೆಯವರದು. ಆ ಹೆಣಿಗೆಯ ಮೇಲಂಗಿ ತೊಡುವವನೂ ಒಬ್ಬನೇ, ಅವರ ಮನೆಯ ಗೂಡಿನಲ್ಲಿ ನಿಲ್ಲುವ ಗೇಣುದ್ದದ ಮರದ ಸಂತ ಜೋಝೆ.

ಕದ್ದವರೇ ಠಾಣೆಗೆ ಬಂದು, ತಾವು ಕದ್ದದ್ದು ಕಳುವಾಗಿದೆ ಎಂದು ದೂರು ಕೊಟ್ಟ ಕೇಸು ಇದು.

ಹೊತ್ತಿಗೆ ಮಳೆ ಬಾರದ ವರ್ಷ ನಮ್ಮಲ್ಲಿ ನೆರೆಮನೆಯ ಸಂತ ಜೋಝೆಯನ್ನು ಕದಿಯುತ್ತಾರೆ. ಸಂತನಿಗೆ ಮನೆಗೆ ಮರಳುವ ಆಸೆ ಇದ್ದರೆ ಮಳೆ ಸುರಿಸಲಿ ಎಂದು ಲೆಕ್ಕ. ಮಳೆ ಬಂದ ಮೇಲೆ ಕಳ್ಳರೇ ಪಟಾಕಿ ಹೊಡೆಸಿ ಮೆರವಣಿಗೆಯಲ್ಲಿ ಹೊತ್ತು ತಂದು ಒಪ್ಪಿಸುತ್ತಾರೆ. ಅಲ್ಲಿಯವರೆಗೆ ಯಾರು ಕದ್ದರೆಂದು ಕೇಳುವ ಹಾಗಿಲ್ಲ. ಝೆನೈದೆಯವರ ಮನೆಯದನ್ನು ಕದಿಯುವ ಹಕ್ಕು ಮೊದಲಿಂದಲೂ ದೋನಾ ಓಟೀಲಿಯಾ ಅವರದು. ಝೆನೈದೆ ಹಿತ್ತಲ ಬಾಗಿಲಿನ ಅಗುಳಿ ತೆಗೆದಿಟ್ಟು, ಕಳ್ಳರಿಗೆಂದು ಮೆಕ್ಕೆಜೋಳದ ಕೇಕು ಮುಚ್ಚಿಟ್ಟು ಮಲಗುತ್ತಾರೆ. ಓಟೀಲಿಯಾ ಸಂತನನ್ನು ಏಪ್ರನ್ನಿನ ಮಡಿಲಿಗೆ ಹಾಕಿಕೊಂಡು, ಕೇಕು ತಿಂದು, ತಟ್ಟೆ ತೊಳೆದಿಟ್ಟು ಹೋಗುತ್ತಾರೆ.

ಈ ಸಲ ಮಳೆ ಬಂತು. ಓಟೀಲಿಯಾ ಪೆಟ್ಟಿಗೆ ತೆರೆದರು. ಸಂತ ಇಲ್ಲ. ಅವರ ಹಿತ್ತಲ ಬೇಲಿಯಾಚೆಯ ಈ ಮರದವರೆಗೂ ನಾವು ಹುಡುಕಿಕೊಂಡು ಬಂದದ್ದು ಅದಕ್ಕೇ.

ಭಾನುವಾರ ಮೆರವಣಿಗೆ. ಝೆನೈದೆಯವರ ಒಬ್ಬನೇ ಮಗ ಜುಸೇಲಿಯೊಗೆ ದೀಕ್ಷಾಸ್ನಾನದ ತಾಯಿ ಓಟೀಲಿಯಾ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕರೆಯುವುದು ಕೊಮಾದ್ರೆ ಎಂದೇ, ನಿನ್ನ ಮಗ ನನ್ನ ಮಗನೂ ಹೌದು ಎನ್ನುವ ಬಂಧ ಅದು. ಸಂಜೆಯ ಕಾಫಿಯನ್ನು ಒಬ್ಬರೇ ಕುಡಿದದ್ದನ್ನು ಯಾರೂ ಕಂಡಿಲ್ಲ. ಭಾನುವಾರ ಓಟೀಲಿಯಾ ಬರಿಗೈಯಲ್ಲಿ ಆ ಮನೆಯ ಮುಂದೆ ನಿಂತರೆ ಆ ಕಾಫಿ ಅಲ್ಲಿಗೆ ಮುಗಿಯಿತು. ಈ ವಯಸ್ಸಿನಲ್ಲಿ ಇನ್ನೊಬ್ಬ ಗೆಳತಿಯನ್ನು ಎಲ್ಲಿಂದ ತರುವುದು?

ಅಗ್ರಿಪೀನೊ ಒಂದು ಕಡ್ಡಿ ಮುರಿದುಕೊಂಡ. ನಾನು ಕಸಿದು ಬಿಸಾಡಿದೆ. ತಿವಿದಷ್ಟೂ ಅದು ಮೈ ಉಬ್ಬಿಸಿ ಬಿಗಿಯಾಗುತ್ತದೆ. ಮಳೆಗಾಲವಲ್ಲವೇ, ಕತ್ತಲಾಗುವ ಹೊತ್ತಿಗೆ ಹೆಣ್ಣು ಹುಡುಕಿಕೊಂಡು ತಾನೇ ಹಳ್ಳಕ್ಕೆ ಹೋಗುತ್ತದೆ, ಅಲ್ಲಿಯವರೆಗೆ ಕಾಯೋಣ ಎಂದೆ.

"ಅಲ್ಲಿವರೆಗೆ ಇಲ್ಲಿ ಕಾವಲಿಗೆ ಯಾರನ್ನ ಬಿಡ್ಲಿ?"

"ಒಬ್ಬನಿದಾನಲ್ಲ. ನಿಮ್ಮ ಠಾಣೆಯೋರಿಗಿಂತ ವಾಸಿ, ನಿದ್ದೆ ಮಾಡಿದ್ರೂ ಬಾಗಿಲು ಬಿಡಲ್ಲ."

ಅವನು ನಕ್ಕ. ನಗುವಾಗ ಅವನ ಹೊಟ್ಟೆ ಮೊದಲು ನಗುತ್ತದೆ. ಅದಕ್ಕೇ ಇವನನ್ನು ಮದುವೆಯಾದೆನೇನೋ ಎಂದು ಒಮ್ಮೊಮ್ಮೆ ಅನುಮಾನ ಬರುತ್ತದೆ.

ಪೊಟರೆಯ ಕೆಳತುಟಿಯ ಮೇಲೆ ಬಿಳಿಯದೊಂದು ಕಲೆ ಒಣಗಿತ್ತು. ಕಪ್ಪೆಯ ಹಾಲು. ಅದರ ಮೇಲೆ ಬೆರಳು ಎಳೆದ ಗೀರು. ಯಾರೋ ಕೈ ಹಾಕಿದ್ದಾರೆ, ಪೆಟ್ಟು ತಿಂದಿದ್ದಾರೆ, ಸಂತನನ್ನು ತೆಗೆಯಲಾಗದೆ ಓಡಿದ್ದಾರೆ. ನೋಯುವ ಕೈಯನ್ನು ಹುಡುಕಿದರೆ ಕಳ್ಳ ಸಿಕ್ಕ ಹಾಗೆ.

ಅಗ್ರಿಪೀನೊಗೆ ಕಳ್ಳ ಆಗಲೇ ಸಿಕ್ಕಿದ್ದ. ವಾಲ್ದೆಸಿ, ಪಟ್ಟಣದಿಂದ ಬಂದು ನಮ್ಮೂರ ತಂಗುಮನೆಯಲ್ಲಿ ಬಿಡಾರ ಹೂಡಿದವನು. ಹಳೆಯ ಮರದ ಸಂತರನ್ನು ಕೊಂಡು ಮಾರುವುದು ಅವನ ಕಸುಬು. ಹೋದ ವಾರ ಓಟೀಲಿಯಾ ಅವರ ಅಂಗಳದಲ್ಲಿ ಕುಳಿತು ಹರಟಿದ್ದನ್ನು ಊರೇ ನೋಡಿತ್ತು. ಇಲ್ಲಿ ಹುಟ್ಟಿದವರು ಯಾರಾದರೂ ಇಂಬುರಾನದ ಪೊಟರೆಗೆ ಕೈ ಹಾಕುತ್ತಾರೆಯೇ? ಹೊರಗಿನವನೇ ಇರಬೇಕು ಎಂದು ಅಗ್ರಿಪೀನೊನ ವಾದ.

ವಾದ ಚೆನ್ನಾಗಿಯೇ ಇತ್ತು. ಆದರೆ ಸಂತ ಇದ್ದದ್ದು ಕಪ್ಪೆಯ ಹಿಂದೆ. ಕಪ್ಪೆ ಹೊರಗೆ ಹೋಗುವ ಹೊತ್ತು ನೋಡಿ ಒಳಗಿಟ್ಟು, ಅದು ಮರಳಿ ಬಂದು ಬಾಗಿಲು ಹಾಕಿಕೊಳ್ಳುತ್ತದೆಂದು ನಂಬಿ ಹೋದವರು ಹೊರಗಿನವರು ಹೇಗಾಗುತ್ತಾರೆ? ಈ ಪೊಟರೆಯಲ್ಲಿ ಕಪ್ಪೆ ಇದೆಯೆಂದು ಗೊತ್ತಿದ್ದೇ ಇಟ್ಟಿದ್ದಾರೆ. ಇದಕ್ಕಿಂತ ಭದ್ರವಾದ ಬೀಗ ಯಾವ ಅಂಗಡಿಯಲ್ಲೂ ಸಿಗದು.

ಇನ್ನೊಂದು ವಿಷಯ ನನ್ನ ಕಾಲಿಗೇ ತಗುಲಿತು. ಮರದ ಬುಡದಲ್ಲಿ ಒಂದು ಚಪ್ಪಟೆ ಕಲ್ಲು. ಬೇರೆ ಕಡೆಯಿಂದ ಉರುಳಿಸಿ ತಂದದ್ದು, ಎಳೆದ ಗುರುತು ಒದ್ದೆ ಮಣ್ಣಿನಲ್ಲಿ ಹಾಗೇ ಇತ್ತು. ಪೊಟರೆ ನನ್ನ ಭುಜದ ಎತ್ತರಕ್ಕಿದೆ. ನನಗೆ ಕಲ್ಲು ಬೇಡ, ವಾಲ್ದೆಸಿಗೆ ಬಗ್ಗಬೇಕಾಗುತ್ತದೆ.

ಅದನ್ನು ಗಂಡನಿಗೆ ಹೇಳಲಿಲ್ಲ. ಅವನು ಅಷ್ಟು ಖುಷಿಯಾಗಿದ್ದ, ಬೆಳಗ್ಗೆಯೇ ಏಕೆ ಕೆಡಿಸಬೇಕು?

ಸಂತೆಬೀದಿಯಲ್ಲಿ ನನ್ನದೊಂದು ಪುಟ್ಟ ಹೋಟೆಲು. ಊರಿನ ಕೈಗಳೆಲ್ಲ ಬೆಳಗ್ಗೆ ನನ್ನ ಮುಂದೆಯೇ ಚಾಚುತ್ತವೆ. ಹಬೆಯಲ್ಲಿ ಬೆಂದ ಕುಸ್ಕುಸ್, ಹುರಿದ ಮೇಕೆ ಮಾಂಸ, ಕಪ್ಪು ಕಾಫಿ. ಅವತ್ತು ಅಗ್ರಿಪೀನೊ ಮೂಲೆಯ ಮೇಜಿನಲ್ಲಿ ಟೋಪಿ ಕಣ್ಣಿಗೆಳೆದು ಕುಳಿತು, ಮರೆಯಲ್ಲಿದ್ದೇನೆಂದು ತಿಳಿದುಕೊಂಡ. ಬಂದವರೆಲ್ಲ ಅವನಿಗೆ ನಮಸ್ಕಾರ ಹೇಳಿಯೇ ಕುಳಿತರು.

ವಾಲ್ದೆಸಿ ಬಂದ. ನಾನು ಬೇಕೆಂದೇ ಬೆಲ್ಲದ ಅಚ್ಚನ್ನು ಇಡಿಯಾಗಿ ಕೊಟ್ಟೆ. ಅವನು ಮಾತಾಡುತ್ತಲೇ ಬಲಗೈಯಲ್ಲಿ ಹಿಡಿದು ಮೇಜಿನ ಅಂಚಿಗೆ ಕುಟ್ಟಿ ಎರಡು ಮಾಡಿದ. ಮುಖದ ಮೇಲೆ ಒಂದು ಗೆರೆಯೂ ಕದಲಲಿಲ್ಲ. ಮೂಲೆಯಲ್ಲಿ ಟೋಪಿ ಇನ್ನಷ್ಟು ಕೆಳಗಿಳಿಯಿತು.

ಜುಸೇಲಿಯೊ ಬಂದ. ಎತ್ತರದ ಆಳು, ಅಕಾರ್ಡಿಯನ್ ನುಡಿಸುವುದರಲ್ಲಿ ಎತ್ತಿದ ಕೈ. ತಾಯಿ ಮನೆಗೂ ದೀಕ್ಷಾತಾಯಿ ಮನೆಗೂ ಹಗಲೂ ಇರುಳೂ ಓಡಾಡುವವನು, ಓಟೀಲಿಯಾ ಅವರ ಪೆಟ್ಟಿಗೆ ಎಲ್ಲಿದೆಯೆಂದು ಬಲ್ಲವನು. ಅದಕ್ಕೇ ಅವನ ಮೇಲೂ ನಮಗೊಂದು ಕಣ್ಣಿತ್ತು. ಮೆರವಣಿಗೆಗೆ ಎಂದು ಅಭ್ಯಾಸ ಮಾಡಿದ್ದನ್ನು ಅಲ್ಲೇ ಕುಳಿತು ನುಡಿಸಿದ. ಹತ್ತು ಬೆರಳೂ ಮೇಕೆಮರಿಗಳ ಹಾಗೆ ಕುಣಿದವು. ಪಾತ್ರೆ ತೊಳೆಯುವುದನ್ನು ಬಿಟ್ಟು ನಾನೂ ಕೇಳಿದೆ.

ಹೋಗುವಾಗ ಅವನೇ ಹೇಳಿದ, ತಾಯಿ ಕುಸ್ಕುಸ್ ಕಟ್ಟಿಸಿಕೊಂಡು ಬಾ ಎಂದಿದ್ದಾರೆ ಎಂದು. ನನ್ನ ಕಿವಿ ನೆಟ್ಟಗಾಯಿತು. ದೋನಾ ಝೆನೈದೆ ಹೋಟೆಲಿನ ಕುಸ್ಕುಸ್ ತಿನ್ನುವುದೇ? ನನ್ನದರಲ್ಲಿ ಉಪ್ಪು ಜಾಸ್ತಿ ಎಂದು ಇಡೀ ಇಗರ್ಜಿಗೆ ಕೇಳುವಂತೆ ಹೇಳಿದ ಹೆಂಗಸು ಅವರು.

ಅದನ್ನು ನಾನೇ ತಲುಪಿಸುತ್ತೇನೆ ಎಂದೆ.

ಝೆನೈದೆ ಜಗಲಿಯಲ್ಲಿದ್ದರು. ನನ್ನ ಮೊಣಕೈಗೆ ಬರುವ ಪುಟ್ಟ ಜೀವ. ಕ್ರೋಶಾ ಕಡ್ಡಿ ನೂಲಿನ ಉಂಡೆಗೆ ಚುಚ್ಚಿಕೊಂಡು ಬುಟ್ಟಿಯಲ್ಲಿ ಬಿದ್ದಿತ್ತು. ಬಲಗೈ ಏಪ್ರನ್ನಿನ ಕೆಳಗೆ. ಎಡಗೈಯಲ್ಲಿ ಕಾಫಿ ಬಗ್ಗಿಸಿದರು, ಅರ್ಧ ಸಾಸರಿಗೆ ಹೋಯಿತು.

ಒಳಗೆ ಗೋಡೆಯ ಮೇಲೆ, ಸೂರಿಗೆ ತಾಗುವಷ್ಟು ಎತ್ತರದಲ್ಲಿ ಖಾಲಿ ಗೂಡು ಕಾಣುತ್ತಿತ್ತು. ಸಂತನನ್ನು ಅಲ್ಲಿಂದ ಇಳಿಸುವುದು, ಮೇಲಂಗಿ ಬದಲಾಯಿಸುವುದು, ಮತ್ತೆ ಇಡುವುದು ಎಲ್ಲ ಜುಸೇಲಿಯೊನೇ. ಝೆನೈದೆ ಕೆಳಗೆ ನಿಂತು ಕೈ ಮುಗಿಯುತ್ತಾರೆ. ಕಣ್ಣೂ ಈಗೀಗ ಮಂಜು.

ಅಗ್ರಿಪೀನೊ ಗೇಟಿನ ಬಳಿಯೇ ನಿಂತ. ಅವನಿಗೆ ವಿಷಯ ಈಗ ಹೊಳೆದಿತ್ತು. ಸಮವಸ್ತ್ರದಲ್ಲಿ ಆ ಜಗಲಿ ಹತ್ತಲು ಅವನಿಗೆ ಮನಸ್ಸಾಗಲಿಲ್ಲ.

"ಕೈಗೇನಾಯ್ತು, ದೋನಾ ಝೆನೈದೆ?"

"ಪಾತ್ರೆ ತಾಗಿ ಸುಟ್ಟಿತು."

"ತೋರಿಸಿ, ಮುಲಾಮು ತಂದಿದೀನಿ."

"ನಿನ್ನ ಮುಲಾಮಿನಲ್ಲೂ ಉಪ್ಪು ಜಾಸ್ತಿ ಇರತ್ತೆ. ಬೇಡ."

ಸಂತನ ಮಾತು ಎತ್ತಲೇಬಾರದೆಂದು ಬರುವಾಗಲೇ ತೀರ್ಮಾನಿಸಿದ್ದೆ. ಕೇಳಿದ್ದರೆ ಬಾಯಿಗೆ ಬೀಗ ಬೀಳುತ್ತಿತ್ತು.

"ಅದು ಹಳ್ಳಕ್ಕೆ ಹೋಗಿರತ್ತೆ ಅಂದ್ಕೊಂಡ್ರಾ?" ಎಂದೆ.

ಝೆನೈದೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ಎದ್ದೆ. ನಗುತ್ತಿದ್ದರು.

"ಮಳೆ ಬಂದಿತ್ತಲ್ಲೇ. ಹಳ್ಳದಲ್ಲಿ ಎಲ್ಲಾ ಸೇರಿ ಬಾಯಿ ಬಡ್ಕೋತಿದ್ವು. ಇದೂ ಹೋಗಿರತ್ತೆ ಅಂದ್ಕೊಂಡು ಕೈ ಹಾಕ್ದೆ. ಸೋಮಾರಿ ಮುಂಡೇದು, ಹೊರಟೇ ಇರ್ಲಿಲ್ಲ."

ಕೈ ಹೊರಗೆ ತೆಗೆದರು. ಹೆಬ್ಬೆರಳಿನ ಬುಡದಿಂದ ಕಮಾನಿನಂತೆ ಸಣ್ಣ ಸಣ್ಣ ಚುಕ್ಕೆಗಳು, ಸುತ್ತಲೂ ಕೆಂಪು. ಈ ವಯಸ್ಸಿನಲ್ಲಿ ಒಬ್ಬರೇ ಆ ನೋವನ್ನು ಹಲ್ಲುಕಚ್ಚಿ ಸಹಿಸಿದ್ದಾರೆ, ಮಗನಿಗೂ ಹೇಳದೆ. ಆ ಕೈಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಮುಲಾಮು ಹಚ್ಚಿದೆ. ಬೇಡವೆನ್ನಲಿಲ್ಲ.

ಉಳಿದದ್ದನ್ನು ತಾವೇ ಹೇಳಿದರು. ಆ ವಾಲ್ದೆಸಿ ಓಟೀಲಿಯಾ ಅಂಗಳದಲ್ಲಿ ಕುಳಿತು ಸಂತರ ಮಾತಾಡುತ್ತಿದ್ದದ್ದು ಬೇಲಿಯಾಚೆಯಿಂದ ಕಿವಿಗೆ ಬಿತ್ತಂತೆ. ಹಳೆಯದು, ಒಳ್ಳೆಯ ಬೆಲೆ, ಎಂಬ ಮಾತೆಲ್ಲ ಬಂತಂತೆ. ಮಾರಿಬಿಡುತ್ತಾಳೆ ಎಂದು ಎದೆ ಒಡೆಯಿತಂತೆ. ಮರುದಿನ ಓಟೀಲಿಯಾ ಇಗರ್ಜಿಗೆ ಹೋದ ಹೊತ್ತು ನೋಡಿ, ಹಿತ್ತಲಿನಿಂದ ನುಗ್ಗಿ, ಪೆಟ್ಟಿಗೆಯಲ್ಲಿ ಮೇಲಂಗಿ ಸುತ್ತಿದ್ದ ಗಂಟನ್ನು ಬಿಚ್ಚಿಯೂ ನೋಡದೆ ಎತ್ತಿಕೊಂಡು ಬಂದರು. ತಮ್ಮ ಮನೆಯಲ್ಲಿಟ್ಟರೆ ಮಗನ ಕಣ್ಣಿಗೆ ಬೀಳುತ್ತದೆಂದು, ಕತ್ತಲಲ್ಲಿ ಕಪ್ಪೆ ಹೊರಟ ಮೇಲೆ ಪೊಟರೆಗೆ ಹಾಕಿದರು.

"ನನ್ನ ಸಂತನ್ನ ನಾನು ತಂದ್ಕೊಂಡೆ. ಅದು ಕಳ್ಳತನವೇನೋ, ಅಗ್ರಿಪೀನೊ?" ಗೇಟಿನ ಕಡೆ ತಿರುಗಿ ಕೇಳಿದರು.

ಅಗ್ರಿಪೀನೊ ಟೋಪಿ ತೆಗೆದು ತಲೆ ಕೆರೆದುಕೊಂಡ. ಮಾಲೀಕರ ಒಪ್ಪಿಗೆಯಿಂದ ಕದ್ದವರ ಮನೆಯಿಂದ ಮಾಲೀಕರೇ ಕದ್ದರೆ ಯಾವ ಕಲಮು ಎಂದು ಯೋಚಿಸುತ್ತಿದ್ದನೆಂದು ಕಾಣುತ್ತದೆ.

"ನಿಜ ಹೇಳ್ಲಾ?" ಝೆನೈದೆ ನನ್ನ ಕಡೆ ಬಾಗಿದರು. "ಅವನಿಗೆ ಒಳ್ಳೆ ಕಪ್ಪಲ್ಲಿ ಕಾಫಿ ಕೊಟ್ಳು. ಹೂವಿನ ಚಿತ್ರದ್ದು. ನನಗೆ ಒಂದು ದಿನ ಅದ್ರಲ್ಲಿ ಕೊಟ್ಟಿಲ್ಲ. ಅದೇ ತಡ್ಕೊಳೋಕೆ ಆಗ್ಲಿಲ್ಲ."

"ಮತ್ತೆ ವಾಪಸ್ ತೆಗೆಯೋಕೆ ಯಾಕೆ ಹೋದ್ರಿ?"

"ಅವಳ ಮುಖ ನೋಡಿದೀಯಾ ಈಗ? ಹೆಣದ ಹಾಗಾಗಿದೆ. ನನ್ನ ಹತ್ರ ಕೂತು ಕಾಫಿ ಕುಡೀತಾಳೆ, ಗಂಟಲಲ್ಲಿ ಇಳಿಯಲ್ಲ. ಮಾರೋ ಹೆಂಗ್ಸು ಹಾಗೆ ಕೊರಗ್ತಾಳಾ? ಸದ್ದಿಲ್ದೆ ಅವಳ ಪೆಟ್ಟಿಗೇಲಿ ಇಟ್ಬಿಡೋಣ ಅಂತ ಹೋದೆ." ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. "ಅವಳಿಗೆ ಗೊತ್ತಾಗ್ಬಾರ್ದು, ನಝರೆ. ನಾನು ಅವಳನ್ನ ಕಳ್ಳಿ ಅಂದ್ಕೊಂಡೆ ಅಂತ ಗೊತ್ತಾದ್ರೆ ಅವಳು ನನ್ನ ಅಂಗಳಕ್ಕೆ ಕಾಲಿಡಲ್ಲ."

ಮಾತು ಕೊಟ್ಟೆ. ಅಗ್ರಿಪೀನೊನೂ ಕೊಟ್ಟ, ಸ್ವಲ್ಪ ಗೊಣಗಿ. ಸಂಜೆ ಕಪ್ಪೆ ಹೊರಟ ಮೇಲೆ ಸಂತನನ್ನು ತೆಗೆದು, ನಾನು ಓಟೀಲಿಯಾ ಅವರನ್ನು ಮಾತಿಗೆ ಹಿಡಿದು ನಿಲ್ಲಿಸುವುದು, ಅವನು ಪೆಟ್ಟಿಗೆಗೆ ಸೇರಿಸುವುದು ಎಂದು ಗೊತ್ತಾಯಿತು. ಪೊಲೀಸನೇ ಮಾಲನ್ನು ಕಳ್ಳರ ಮನೆಗೆ ಒಯ್ದು ಇಡುವ ಇಂಥ ತನಿಖೆ ಬೇರೆಲ್ಲೂ ನಡೆದಿರಲಾರದು.

ಸೂರ್ಯ ಮುಳುಗುವ ಹೊತ್ತಿಗೆ ಮೂವರೂ ಮರದ ಕೆಳಗೆ ಸೇರಿದೆವು. ಮಧ್ಯಾಹ್ನ ಒಂದು ಮಳೆ ಬಿದ್ದಿತ್ತು. ಬೂದುಬಣ್ಣದ ಕಾಡಿಗೆ ಎಲ್ಲ ಕಡೆ ಹಸಿರು ಚಿಗುರು. ಹಳ್ಳದ ಕಡೆಯಿಂದ ಕಪ್ಪೆಗಳ ಕೂಗು ಶುರುವಾಯಿತು.

ನಮ್ಮ ದ್ವಾರಪಾಲಕ ಅವಸರ ಮಾಡಲಿಲ್ಲ. ಮೊದಲು ಒಂದು ಕೈ ಹೊರಗೆ ಬಂತು, ಬೆರಳ ತುದಿಯ ಗುಂಡಿಗಳನ್ನು ತೊಗಟೆಗೆ ಒತ್ತಿ ನೋಡಿತು. ಆಮೇಲೆ ಆ ದೊಡ್ಡ ತಲೆ, ಆಮೇಲೆ ಇಷ್ಟೇ ಇಷ್ಟು ಮೈ. ನಮ್ಮನ್ನು ಒಮ್ಮೆ ನೋಡಿ, ಇವರದೇನು ಎಂಬಂತೆ ಮರ ಇಳಿದು ಹುಲ್ಲಿನೊಳಗೆ ಹೋಯಿತು.

"ಹೋಗಪ್ಪ, ಒಳ್ಳೇದಾಗ್ಲಿ," ಅಂದರು ಝೆನೈದೆ, ತಮ್ಮ ಊದಿದ ಕೈಯನ್ನು ಸವರಿಕೊಳ್ಳುತ್ತ.

ಅಗ್ರಿಪೀನೊ ತೋಳು ಇಳಿಸಿದ. ಅವನು ಬಿಳಿ ಗಂಟನ್ನು ಎಳೆದು ತೆಗೆದು ಝೆನೈದೆಯವರ ಕೈಗಿಟ್ಟ. ಅವರು ಮೇಲಂಗಿ ಬಿಡಿಸಿ, ಸಂತನನ್ನು ಎದೆಗೊತ್ತಿಕೊಂಡರು. ಎಷ್ಟು ವರ್ಷವಾಗಿತ್ತೋ ಅವನನ್ನು ಕೈಯಾರೆ ಹಿಡಿದು.

ಅವರ ಎಡ ಹೆಬ್ಬೆರಳು ಸಂತನ ಪಾದದ ಮೇಲೆ ಓಡಾಡಿತು. ಒಂದು ಸಲ. ಮತ್ತೊಂದು ಸಲ. ಹಿಮ್ಮಡಿ ತಡವಿದರು, ಬೆರಳು ತಡವಿದರು.

"ಹಲ್ಲಿನ ಗುರುತಿಲ್ಲ," ಅಂದರು.

ಯಾವ ಹಲ್ಲು ಎಂದು ಅಗ್ರಿಪೀನೊ ಕೇಳಿದ.

"ನಂದು. ಹಲ್ಲು ಹುಟ್ಟೋವಾಗ ನಾನು ಜೋಝೆ ಕಾಲು ಕಚ್ತಿದ್ನಂತೆ. ಅಮ್ಮ ಬಿಡಿಸಿದ್ರೆ ಅಳ್ತಿದ್ನಂತೆ. ಬಲಗಾಲಲ್ಲಿ ಎರಡು ಕುಳಿ ಇತ್ತು." ಅವರು ವಿಗ್ರಹವನ್ನು ದೂರ ಹಿಡಿದರು. "ಇದು ನನ್ನ ಜೋಝೆ ಅಲ್ಲ."

ನಾನು ಇಸಿದುಕೊಂಡು ನೋಡಿದೆ. ಪಾದ ನುಣ್ಣಗಿತ್ತು. ಮೇಲೆ ಹೊಗೆಯ ಮಸಿ ಬಳಿದಿತ್ತು, ಉಗುರಿನಿಂದ ಕೆರೆದರೆ ಕೆಳಗೆ ಎಳೆಯ ಮರ. ಝೆನೈದೆಯವರ ಮುಖದಲ್ಲಿ ಬೆಳಗಿನಿಂದ ಇದ್ದ ನಗು ಮಾಯವಾಯಿತು. ಅವರ ತಲೆಯಲ್ಲಿ ಏನು ಓಡುತ್ತಿದೆಯೆಂದು ನನಗೆ ಗೊತ್ತಿತ್ತು. ಅನುಮಾನಪಟ್ಟೆನೆಂದು ತಮ್ಮನ್ನೇ ಹಳಿದುಕೊಂಡಿದ್ದರು, ಈಗ ಆ ಅನುಮಾನವೇ ನಿಜವಾಗಿ ಕೈಗೆ ಬಂದಿತ್ತು.

ಆಗಲೇ ಬೇಲಿಯ ಸಂದಿಯಿಂದ ಓಟೀಲಿಯಾ ಬಂದರು. ಮೇಕೆಗಳನ್ನು ಅಟ್ಟಿಕೊಂಡು ಹೋಗಲು ಬಂದವರು. ಕಡ್ಡಿಯಂಥ ಉದ್ದ ಹೆಂಗಸು. ನಮ್ಮನ್ನು ನೋಡಿದರು, ಪೊಟರೆ ನೋಡಿದರು, ಕೊಮಾದ್ರೆಯ ಊದಿದ ಕೈ ನೋಡಿದರು. ವಿವರಿಸಲು ಏನೂ ಉಳಿಯಲಿಲ್ಲ.

"ನನ್ನ ಪೆಟ್ಟಿಗೆಯಿಂದ ತೆಗೆದೋಳು ನೀನಾ?" ಎಂದರು, ಮೆಲ್ಲಗೆ.

"ನಂದನ್ನ ಯಾರಿಗೆ ಕೊಟ್ಟೆ?" ಎಂದರು ಝೆನೈದೆ, ಅದಕ್ಕಿಂತ ಮೆಲ್ಲಗೆ.

ಓಟೀಲಿಯಾ ಸಿಟ್ಟಾಗಲಿಲ್ಲ. ಬಂದು ಆ ಚಪ್ಪಟೆ ಕಲ್ಲಿನ ಮೇಲೆ ಕುಳಿತರು.

"ನಾನು ನಿನ್ನ ಗೂಡಿಂದ ಕದ್ದಿದ್ದು ಇದನ್ನೇ ಕಣೇ. ಹಿಂದಿನ ಬರದಲ್ಲಿ ಕದ್ದಿದ್ದೂ ಇದನ್ನೇ. ಕೈಗೆ ತಗೊಂಡ ಕೂಡ್ಲೆ ಗೊತ್ತಾಯ್ತು, ಕುಳಿ ಇರ್ಲಿಲ್ಲ. ಕಷ್ಟಕ್ಕೆ ನೀನೇ ಮಾರಿರ್ತೀಯ, ಕೇಳಿದ್ರೆ ನಿನ್ನ ಮುಖ ಸಣ್ಣ ಆಗತ್ತೆ ಅಂತ ಸುಮ್ನಿದ್ದೆ." ಏಪ್ರನ್ನಿನ ತುದಿಯಿಂದ ಕಣ್ಣು ಒರೆಸಿಕೊಂಡರು. "ಆ ಪಟ್ಟಣದವನಿಗೆ ಕಾಫಿ ಕೊಟ್ಟಿದ್ದು, ನಿನ್ನ ಹಳೇ ಸಂತ ಯಾರ ಕೈ ಸೇರಿದಾನೆ ಅಂತ ಬಾಯಿ ಬಿಡಿಸೋಕೆ. ಭಾನುವಾರ ನಿಜವಾದ್ದನ್ನೇ ಹೊತ್ತು ತರೋಣ ಅಂತ ಆಸೆ ಇತ್ತು."

ಝೆನೈದೆ ಮಾರಿಲ್ಲ. ಓಟೀಲಿಯಾ ಮಾರಿಲ್ಲ. ಆ ಎತ್ತರದ ಗೂಡಿಗೆ ಕೈ ಎಟುಕುವವರು ಆ ಮನೆಯಲ್ಲಿ ಇನ್ನೊಬ್ಬರೇ. ಅದು ಅವರಿಗೂ ನಮಗೂ ಒಟ್ಟಿಗೇ ಹೊಳೆಯಿತು.

ಅವರು ವಿಗ್ರಹವನ್ನು ನನ್ನ ಕೈಯಿಂದ ತೆಗೆದುಕೊಂಡು, ಮೇಲಂಗಿ ತೊಡಿಸಿದರು. ಗಂಟು ಹಾಕಲು ಬೆರಳು ಬಗ್ಗಲಿಲ್ಲ.

"ಅಗ್ರಿಪೀನೊ, ಸಂತ ಸಿಕ್ಕಿದಾನೆ. ಕೇಸು ಮುಗೀತು."

ನನ್ನ ಗಂಡ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ. ಅವನು ಇಷ್ಟು ಮೃದುವಾಗಿ ಮಾತಾಡಿದ್ದನ್ನು ನಾನು ಅಪರೂಪಕ್ಕೆ ಕೇಳಿದ್ದೇನೆ.

"ದೂರು ಕೊಟ್ಟೋರು ದೋನಾ ಓಟೀಲಿಯಾ. ಮುಗೀತು ಅಂತ ಅವರು ಹೇಳ್ಬೇಕು."

ಝೆನೈದೆ ಕಲ್ಲಿನ ಬಳಿ ಹೋಗಿ, ನೋಯುವ ಕೈಯಿಂದಲೇ ಗೆಳತಿಯ ತೋಳು ಹಿಡಿದುಕೊಂಡರು.

"ಕೊಮಾದ್ರೆ, ಬೇಡ ಅನ್ನು. ಅವನು ನಿನ್ನ ಮಗನೂ ಹೌದು."

ಓಟೀಲಿಯಾ ಆ ಊದಿದ ಕೈಯನ್ನು ತಮ್ಮೆರಡೂ ಕೈಗಳಲ್ಲಿ ಇಟ್ಟುಕೊಂಡು ಬಹಳ ಹೊತ್ತು ಸವರಿದರು. ಆಮೇಲೆ ತಲೆಯೆತ್ತಿ ನನ್ನ ಗಂಡನನ್ನು ನೋಡಿದರು.

"ಅದಕ್ಕೇ ಹೇಳ್ತಿದೀನಿ," ಅಂದರು. "ಹುಡುಕು, ಅಗ್ರಿಪೀನೊ."